ಉಚಿತ ವಕೀಲರು, ಲೋಕ ಅದಾಲತ್, ಗ್ರಾಹಕ ಆಯೋಗ, ಎಸಿ ಕಚೇರಿ: ಯಾವ ವ್ಯಾಜ್ಯಕ್ಕೆ ಯಾವ ಬಾಗಿಲು?

ಕೈಯಲ್ಲಿ ದುಡ್ಡಿಲ್ಲದವರು ನ್ಯಾಯ ಕೇಳಲು ಕರ್ನಾಟಕದಲ್ಲಿ ಜಾಗಗಳೇನೂ ಕಡಿಮೆ ಇಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. ಜಿಲ್ಲಾ ಕೇಂದ್ರದಲ್ಲಿ ಕಾನೂನು ಸೇವಾ ಪ್ರಾಧಿಕಾರ, ಗ್ರಾಹಕ ಆಯೋಗ ಎರಡೂ ಇವೆ. ಮಂಗಳೂರು, ಮೈಸೂರು, ಧಾರವಾಡ, ಬೆಂಗಳೂರಿನಂಥ ಕಡೆ ಖಾಯಂ ಲೋಕ ಅದಾಲತ್, ಉಪವಿಭಾಗಕ್ಕೊಂದು ಎಸಿ (ಉಪವಿಭಾಗಾಧಿಕಾರಿ) ಕಚೇರಿ. ಎಲ್ಲವೂ ಬಿಟ್ಟಿ, ಇಲ್ಲವೇ ಬಿಟ್ಟಿಗೆ ಸಮ. ಆದ್ದರಿಂದ ಯಾವುದು ಅಗ್ಗ ಎಂದು ಹೋಲಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಬಾಗಿಲು ತಟ್ಟುವ ಮುಂಚೆ ಕೇಳಿಕೊಳ್ಳಬೇಕಾದದ್ದು ಮೂರು. ಎದುರು ಪಾರ್ಟಿ ಬರದೇ ಹೋದರೆ ಇಲ್ಲಿ ಏನಾಗುತ್ತದೆ? ಆದೇಶ ಆದಮೇಲೂ ಅವನು ಕೊಡದಿದ್ದರೆ ಕೊಡಿಸುವವರು ಯಾರು? ಆದೇಶ ನನಗೇ ಹಿಡಿಸದಿದ್ದರೆ ಮೇಲ್ಮನವಿ ಉಂಟೋ ಇಲ್ಲವೋ? ಠಾಣೆಯಲ್ಲಿ ಎಲ್ಲರೆದುರು ಬರೆಸಿಕೊಂಡ ಮುಚ್ಚಳಿಕೆಯನ್ನು ಈ ಮೂರು ಪ್ರಶ್ನೆಗೆ ಒಡ್ಡಿ ನೋಡಿ. ಅದನ್ನು ಹಿಡಿದುಕೊಂಡು ಹೋಗಿ ನೇರವಾಗಿ ಯಾವ ವಸೂಲಿಯನ್ನೂ ಮಾಡಲಾಗದು. ಜನ ಮೊದಲು ಹೋಗುವುದು ಮಾತ್ರ ಅಲ್ಲಿಗೇ.

ಉಚಿತ ವಕೀಲರೋ, ಖಾಸಗಿ ವಕೀಲರೋ

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂದದ್ದು 1987ರಲ್ಲಿ, ಜಾರಿಯಾದದ್ದು 1995ರ ನವೆಂಬರ್ 9ರಂದು. ಬಡವರಿಗೆ ಮಾತ್ರ ಇದು ಎಂಬ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಮಾನವ ಸಾಗಣೆಗೆ ಅಥವಾ ಜೀತಕ್ಕೆ ಸಿಕ್ಕವರು, ನೆರೆ ಬರ ಭೂಕಂಪದಂಥ ಅನಾಹುತಕ್ಕೆ ತುತ್ತಾದವರು, ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ಮಿತಿ ಇರುವುದು ಈ ಪಟ್ಟಿಯಲ್ಲಿ ಸೇರದ ಉಳಿದ ಗಂಡಸರಿಗೆ ಮಾತ್ರ. ಅದನ್ನು ರಾಜ್ಯ ಸರ್ಕಾರ ಆಗಾಗ ಪರಿಷ್ಕರಿಸುತ್ತದೆ. ಸುಪ್ರೀಂ ಕೋರ್ಟಿನ ಪ್ರಕರಣಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ. ಹಾಗಾಗಿ ಜೀವನಾಂಶ ಕೇಳಿ ಬಂದ ಹೆಂಗಸಿಗೆ ಆದಾಯ ಪ್ರಮಾಣಪತ್ರ ತನ್ನಿ ಎಂದು ನಾಡಕಚೇರಿಗೆ ಅಟ್ಟಿದರೆ ಅದು ಕಾಯ್ದೆಯಲ್ಲಿಲ್ಲದ ಕೆಲಸ. ಆದಾಯ ತೋರಿಸಲೇಬೇಕಾದವರಿಗೂ 13ನೇ ಕಲಂ ಸುಲಭ ಮಾಡಿದೆ: ಅನುಮಾನಕ್ಕೆ ಕಾರಣವಿಲ್ಲದಿದ್ದರೆ ಅರ್ಜಿದಾರರ ಅಫಿಡವಿಟ್ ಸಾಕು.

ಅರ್ಜಿಗೆ ಬಿಳಿ ಹಾಳೆ ಆದೀತು. ಬರೆಯಲು ಬಾರದವರಿಗೆ ಅಲ್ಲಿನ ಅರೆ ಕಾನೂನು ಸ್ವಯಂಸೇವಕರು ಬರೆದುಕೊಡಬೇಕು. ಹೆಸರು, ವಿಳಾಸ, ಫೋನ್ ನಂಬರು, ಎದುರು ಪಾರ್ಟಿಯ ವಿಳಾಸ, ಈಗಾಗಲೇ ಕೇಸು ನಡೆಯುತ್ತಿದ್ದರೆ ಕೋರ್ಟಿನ ಹೆಸರು, ಕೇಸ್ ನಂಬರು, ಮುಂದಿನ ವಾಯಿದೆಯ ದಿನ, ಇಷ್ಟನ್ನು ಬರೆದು ಆಧಾರ್ ಮತ್ತು ಕೇಸಿನ ಕಾಗದಗಳ ಝೆರಾಕ್ಸ್ ಲಗತ್ತಿಸಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಕಚೇರಿಯ ಸೀಲು, ತಾರೀಖು, ಒಳಬಂದ ನಂಬರು ಹಾಕಿಸಿಕೊಳ್ಳಿ. ನಿಯಮದ ಪ್ರಕಾರ ಏಳು ದಿನದೊಳಗೆ ತೀರ್ಮಾನ ಆಗಬೇಕು. ತಿರಸ್ಕರಿಸಿದರೆ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಹಾಕಬಹುದು. ಜಿಲ್ಲೆಯಲ್ಲಿ ಅವರು ಪ್ರಧಾನ ಜಿಲ್ಲಾ ನ್ಯಾಯಾಧೀಶರೇ. ದೂರದಿಂದ ಕೇಳುವವರಿಗೆ 15100.

ಮಂಜೂರಾದರೆ ವಕೀಲರ ಫೀಜು ಮಾತ್ರವಲ್ಲ, ಕೋರ್ಟ್ ಶುಲ್ಕ, ನೋಟಿಸು ಜಾರಿಯ ಖರ್ಚು, ನಕಲು ಪ್ರತಿಯ ಖರ್ಚು, ಭಾಷಾಂತರದ ಖರ್ಚು ಎಲ್ಲ ಪ್ರಾಧಿಕಾರದ್ದು. ಪ್ರಾಧಿಕಾರ ಗೊತ್ತುಮಾಡುವ ಪ್ಯಾನಲ್ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ‘ಝೆರಾಕ್ಸ್ ಖರ್ಚು’, ‘ಟೈಪಿಂಗ್ ಖರ್ಚು’ ಎಂದು ನೂರಿನ್ನೂರು ಕೇಳುವ ಚಾಳಿ ಕೆಲವು ಕಡೆ ಇದೆ. ಕೊಟ್ಟರೆ ಕೇಸು ಚುರುಕಾಗುತ್ತದೆ ಎಂಬುದು ಭ್ರಮೆ. ಅದನ್ನು ಸದಸ್ಯ ಕಾರ್ಯದರ್ಶಿಗೆ ಬರೆದುಕೊಟ್ಟರೆ ವಕೀಲರನ್ನು ಬದಲಿಸುತ್ತಾರೆ. ಹಾಗೆ ಬರೆದುಕೊಟ್ಟವರನ್ನು ಯಾರೂ ಶಪಿಸುವುದಿಲ್ಲ, ಅದು ಆ ಹುದ್ದೆಯ ದೈನಂದಿನ ಕೆಲಸ.

ಹಾಗಾದರೆ ಖಾಸಗಿ ವಕೀಲರು ಯಾಕೆ ಬೇಕು? ಪ್ರಾಮಾಣಿಕ ಉತ್ತರ ಇದು: ಪ್ಯಾನಲ್ ವಕೀಲರಿಗೆ ಸಿಗುವ ಗೌರವಧನ ಕಡಿಮೆ, ಅವರ ಸ್ವಂತ ಕೇಸುಗಳ ನಡುವೆ ನಿಮ್ಮದೂ ಒಂದು. ಜೀವನಾಂಶ, ಚೆಕ್ ಬೌನ್ಸ್, ಜಾಮೀನು, ಅಪಘಾತ ಪರಿಹಾರ, ಇಂಥ ದಿನನಿತ್ಯದ ಕೇಸುಗಳಲ್ಲಿ ಅವರಿಗೂ ಸಾವಿರಾರು ರೂಪಾಯಿ ತೆಗೆದುಕೊಳ್ಳುವವರಿಗೂ ಹೇಳುವಂಥ ವ್ಯತ್ಯಾಸ ಇರುವುದಿಲ್ಲ. ಮೂರು ತಲೆಮಾರಿನ ಪಿತ್ರಾರ್ಜಿತ ಆಸ್ತಿಯ ಪಾಲು, ಸರ್ವೆ ನಂಬರಿನ ಗೊಂದಲ, ಇನಾಮು ಜಮೀನಿನ ತಕರಾರು, ಇಂಥದ್ದರಲ್ಲಿ ಮಾತ್ರ ಹಳೆ ದಾಖಲೆ ಹುಡುಕಿ ಓದುವ ವ್ಯವಧಾನವಿರುವ ವಕೀಲರೇ ಬೇಕು. ಅಂಥವರು ಪ್ಯಾನಲ್‌ನಲ್ಲೂ ಇರುತ್ತಾರೆ. ಅರ್ಜಿಯಲ್ಲೇ ‘ಸಿವಿಲ್ ಆಸ್ತಿ ವ್ಯಾಜ್ಯದಲ್ಲಿ ಅನುಭವವಿರುವವರನ್ನು ನೇಮಿಸಿ’ ಎಂದು ಒಂದು ಸಾಲು ಸೇರಿಸುವುದರಲ್ಲಿ ತಪ್ಪಿಲ್ಲ.

ಕ್ರಿಮಿನಲ್ ಕೇಸಿನ ಮಾತು ಬೇರೆ. 2022ರಿಂದ ಹಲವು ಜಿಲ್ಲೆಗಳಲ್ಲಿ ಆರೋಪಿಗಳ ಪರ ವಾದಿಸಲೆಂದೇ ಪೂರ್ಣಾವಧಿಯ ವಕೀಲರನ್ನು ನೇಮಿಸುವ ವ್ಯವಸ್ಥೆ ಬಂದಿದೆ. ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಎಂದು ಅದರ ಹೆಸರು. ಅವರು ಬೇರೆ ಖಾಸಗಿ ಕೇಸು ಹಿಡಿಯುವಂತಿಲ್ಲ. ಮನೆಯವರನ್ನು ಬಂಧಿಸಿದ್ದರೆ ಊರಿನ ವಕೀಲರ ಮುಂಗಡಕ್ಕೆ ಬಡ್ಡಿ ಸಾಲ ಮಾಡುವ ಮೊದಲು ಇವರನ್ನು ಕಾಣಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವಾಗ ವಕೀಲರಿಲ್ಲ ಎಂದರೆ ಸಾಕು, ಅಲ್ಲೇ ಒಬ್ಬರನ್ನು ಕೊಡಬೇಕು.

ಖಾಸಗಿ ವಕೀಲರನ್ನೇ ಹಿಡಿದಿರಾ? ‘ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್’ ಎಂಬ ಒಪ್ಪಂದ ಬೇಡ. ಗೆಲುವಿನ ಮೇಲೆ ಫೀಜು ನಿಗದಿ ಮಾಡುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಬೇಡವೇ ಬೇಡ. ಮುಂದೆ ವಕೀಲರನ್ನು ಬದಲಿಸಬೇಕಾದರೆ ಫೀಜು ಬಾಕಿ ಇದೆ ಎಂದು ಅವರು ಕಡತ ಒತ್ತೆ ಇಟ್ಟುಕೊಳ್ಳುವಂತಿಲ್ಲ. 2000ರಲ್ಲೇ ಸುಪ್ರೀಂ ಕೋರ್ಟ್ ಹಾಗೆಂದು ಹೇಳಿದೆ. ನಡುವೆ ಕೈಸೋತರೆ ಆ ಕೇಸನ್ನೇ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ವರ್ಗಾಯಿಸಿಕೊಳ್ಳಬಹುದು.

ಲೋಕ ಅದಾಲತ್ತಿನ ರಾಜಿಯೋ, ಕೋರ್ಟಿನ ತೀರ್ಪೋ

ವರ್ಷಕ್ಕೆ ನಾಲ್ಕು ಸಲ ರಾಷ್ಟ್ರೀಯ ಲೋಕ ಅದಾಲತ್ ನಡೆಯುತ್ತದೆ. ಆ ವಾರ ಕೋರ್ಟಿನ ಕಾರಿಡಾರಿನಲ್ಲಿ ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ನಾಲ್ಕಾರು ಬಾರಿಯಾದರೂ ಕಿವಿಗೆ ಬೀಳುತ್ತದೆ. ಗಾದೆಯಲ್ಲಿ ನಿಜವಿದೆ. ಆದರೆ ಅವಸರದಲ್ಲಿ ರಾಜಿಯಾದವನ ಪಾಡೇನು ಎಂಬುದನ್ನು ಅದು ಹೇಳುವುದಿಲ್ಲ.

ಲೋಕ ಅದಾಲತ್ತಿನ ಲಾಭ ನಿಚ್ಚಳ. ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಅಲ್ಲಿನ ಅವಾರ್ಡು, ಅಂದರೆ ರಾಜಿಯ ಆದೇಶ, ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಎದುರಿನವನು ಕೊಡದಿದ್ದರೆ ನೇರವಾಗಿ ಅಮಲ್ಜಾರಿ ಅರ್ಜಿ ಹಾಕಬಹುದು. ಮೇಲ್ಮನವಿ ಇಲ್ಲದ್ದರಿಂದ ಎದುರಿನವನು ಹೈಕೋರ್ಟಿಗೆ ಹೋಗಿ ವರ್ಷಗಟ್ಟಲೆ ಎಳೆಯುವ ಭಯವೂ ಇಲ್ಲ. ಆದರೆ ಅದೇ ಬಾಗಿಲು ನಿಮಗೂ ಮುಚ್ಚುತ್ತದೆ. ಸಹಿ ಬಿದ್ದಮೇಲೆ ಮೋಸ ನಡೆದಿದೆ ಎಂದು ಹೈಕೋರ್ಟಿನಲ್ಲಿ ರಿಟ್ ಹಾಕುವುದೊಂದೇ ದಾರಿ, ಅದೂ ತೀರಾ ಕಿರಿದು.

ಅಪಘಾತ ಪರಿಹಾರದ ಕೇಸಿನಲ್ಲಿ ಈ ಲೆಕ್ಕ ಸ್ಪಷ್ಟವಾಗಿ ಕಾಣುತ್ತದೆ. ಕಾಲು ಮುರಿದ ಗಾರೆ ಕೆಲಸದವರೊಬ್ಬರ ಅರ್ಜಿ ಮೂರು ವರ್ಷದಿಂದ ನಡೆಯುತ್ತಿದೆ ಎನ್ನಿ. ವಿಮಾ ಕಂಪನಿ 5 ಲಕ್ಷಕ್ಕೆ ರಾಜಿಯಾಗೋಣ ಎನ್ನುತ್ತದೆ. ಆ ಮೊತ್ತ ಸಾಮಾನ್ಯವಾಗಿ ‘ಗ್ಲೋಬಲ್’, ಅಂದರೆ ಬಡ್ಡಿಯೂ ಅದರೊಳಗೇ. ನ್ಯಾಯಮಂಡಳಿ ಅದೇ 5 ಲಕ್ಷ ಕೊಟ್ಟಿದ್ದರೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರುತ್ತಿತ್ತು. ಶೇಕಡ 6 ಎಂದು ಹಿಡಿದರೂ ಮೂರು ವರ್ಷಕ್ಕೆ 90,000. ಹಾಗಾಗಿ ಕಂಪನಿಯ 5 ಲಕ್ಷವನ್ನು ಹೋಲಿಸಬೇಕಾದದ್ದು 5 ಲಕ್ಷ 90 ಸಾವಿರದ ಜೊತೆ. ಆ 90 ಸಾವಿರ ಬಿಟ್ಟುಕೊಡುವುದು ಮೂರ್ಖತನವಲ್ಲ. ಇನ್ನೂ ಒಂದು ವರ್ಷ ಕಾಯುವುದು, ವೈದ್ಯರ ಸಾಕ್ಷ್ಯ, ಕಂಪನಿಯ ಮೇಲ್ಮನವಿ, ಇವುಗಳ ಬೆಲೆ ಅದಕ್ಕಿಂತ ಹೆಚ್ಚಾಗಬಹುದು. ಆದರೆ ಲೆಕ್ಕ ಹಾಕಿ ಬಿಡಬೇಕು, ಗೊತ್ತಿಲ್ಲದೆ ಅಲ್ಲ. ಚಿಕಿತ್ಸೆ ಮುಗಿಯುವ ಮೊದಲು, ಅಂಗವೈಕಲ್ಯದ ಪ್ರಮಾಣಪತ್ರ ಕೈಗೆ ಬರುವ ಮೊದಲು ರಾಜಿಯಾಗುವುದೇ ಹೆಚ್ಚಿನವರು ಮಾಡುವ ತಪ್ಪು. ರಾಡು ತೆಗೆಯುವ ಆಪರೇಷನ್ ಬಾಕಿಯಿದ್ದರೆ ಅದರ ಖರ್ಚನ್ನು ಆಮೇಲೆ ಯಾರೂ ಕೊಡುವುದಿಲ್ಲ.

ಅವಾರ್ಡಿಗೆ ಸಹಿ ಹಾಕುವ ಮುಂಚೆ ಕನ್ನಡದಲ್ಲಿ ಓದಿಸಿಕೊಳ್ಳಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇದೆಯೇ, ಎಷ್ಟು ದಿನದೊಳಗೆ ಕಟ್ಟಬೇಕು, ತಪ್ಪಿದರೆ ಬಡ್ಡಿ ಎಷ್ಟು, ಹಣ ಯಾರ ಖಾತೆಗೆ ಹೋಗುತ್ತದೆ, ಈ ನಾಲ್ಕನ್ನು ನೋಡಿ. ‘ತಪ್ಪಿದರೆ ಬಡ್ಡಿ’ ಎಂಬ ಸಾಲು ಬಿಟ್ಟುಹೋದರೆ ಹಣ ಕಟ್ಟಲು ಎದುರಿನವನಿಗೆ ಯಾವ ಅವಸರವೂ ಇರುವುದಿಲ್ಲ. ರಾಜಿ ಬೇಡವೆನಿಸಿದರೆ ಬೇಡ ಎನ್ನಿ. ಕೇಸು ಇದ್ದಲ್ಲಿಗೇ ವಾಪಸ್ ಹೋಗುತ್ತದೆ, ಅದರಿಂದ ತೀರ್ಪಿಗೆ ಏನೂ ಕೇಡಿಲ್ಲ.

ಇಪ್ಪತ್ತು ರೂಪಾಯಿಯ ವಿಮೆ, ಮೂರು ಬಾಗಿಲು

ಒಂದೇ ತಕರಾರಿಗೆ ಹಲವು ದಾರಿ ಇರುವ ವಿಷಯ ಎಂದರೆ ವಿಮೆ. ಬಡ ಕುಟುಂಬಗಳಲ್ಲಿ ಇರುವ ಪಾಲಿಸಿ ಬಹುತೇಕ ಬ್ಯಾಂಕ್ ಖಾತೆಗೆ ಅಂಟಿಕೊಂಡ ಪ್ರಧಾನಮಂತ್ರಿ ಸುರಕ್ಷಾ ಬಿಮಾ: ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೊತೆಗೆ 436 ರೂಪಾಯಿಯ ಜೀವನ್ ಜ್ಯೋತಿ. ಕ್ಲೇಮು ತಿರಸ್ಕಾರವಾದಾಗ ಮೊದಲು ನೋಡಬೇಕಾದದ್ದು ಪಾಸ್‌ಬುಕ್. ಮೇ ಕೊನೆಯಲ್ಲಿ ಅಥವಾ ಜೂನ್ 1ರ ಸುಮಾರಿಗೆ ಆ 20 ರೂಪಾಯಿ ಕಡಿತವಾದ ಸಾಲು ಇದೆಯೇ? ಆ ದಿನ ಖಾತೆಯಲ್ಲಿ ಹಣವಿಲ್ಲದೆ ಕಡಿತವಾಗದಿದ್ದರೆ ಪಾಲಿಸಿಯೇ ಚಾಲ್ತಿಯಲ್ಲಿಲ್ಲ, ಯಾವ ಬಾಗಿಲು ತಟ್ಟಿದರೂ ಕಷ್ಟ. ಸಾಲು ಇದೆ ಎಂದಾದರೆ ಆ ಪುಟದ ಝೆರಾಕ್ಸೇ ನಿಮ್ಮ ಆಯುಧ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ನಾಮಿನಿಯ ಆಧಾರ್ ಅದರ ಜೊತೆಗೆ.

ಮೊದಲನೆಯ ಬಾಗಿಲು ವಿಮಾ ಲೋಕಪಾಲ, ಬೆಂಗಳೂರಿನಲ್ಲಿ ಕಚೇರಿ ಇದೆ. ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು ಅಥವಾ ಅವರ ನಿರಾಕರಣೆಯ ಪತ್ರ ಕೈಯಲ್ಲಿರಬೇಕು. ಆಮೇಲೆ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರಿಗೆ ಅವಕಾಶವೂ ಇಲ್ಲ. ಇದರ ದೊಡ್ಡ ಗುಣ ಬಹಳ ಜನರಿಗೆ ಗೊತ್ತಿಲ್ಲ: ಲೋಕಪಾಲರ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಒಪ್ಪದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆದರೆ ಗ್ರಾಹಕ ಆಯೋಗದಲ್ಲೋ ಕೋರ್ಟಿನಲ್ಲೋ ದೂರು ಬಾಕಿ ಇಟ್ಟುಕೊಂಡು ಇಲ್ಲಿಗೆ ಬಂದರೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಕ್ರಮ ತಪ್ಪಬಾರದು.

ಎರಡನೆಯದು ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲೆಯಲ್ಲೇ ಹಾಕಬಹುದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಪಾಲಿಸಿಯ 2 ಲಕ್ಷವಲ್ಲ, ಕಟ್ಟಿದ 20 ರೂಪಾಯಿ. 2019ರ ಕಾಯ್ದೆ ಬಂದಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಸರಿಯೇ. ಗಡುವು ಎರಡು ವರ್ಷ. ಎದುರು ಪಾರ್ಟಿ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ಆಮೇಲೆ ಒಂದು ದಿನವೂ ಸಿಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಬರದಿದ್ದರೆ ಏಕಪಕ್ಷೀಯವಾಗಿ ನಡೆಯುತ್ತದೆ. ಆದೇಶ ಪಾಲಿಸದವರಿಗೆ ಜೈಲುಶಿಕ್ಷೆಯ ಅಧಿಕಾರವೂ ಆಯೋಗಕ್ಕಿದೆ. ನಾನು ಮೊದಲು ಹೇಳಿದ ಮೂರೂ ಪ್ರಶ್ನೆಗೆ ಗಟ್ಟಿ ಉತ್ತರ ಇರುವ ಜಾಗ ಇದು. ಕೊರತೆ ಒಂದೇ, ನಿಧಾನ. ಕಾಯ್ದೆ ಮೂರು ತಿಂಗಳು ಎನ್ನುತ್ತದೆ, ಅದನ್ನು ನಂಬಿ ಸಾಲದ ಕಂತು ಗೊತ್ತುಮಾಡಬೇಡಿ. ದೂರು ಹಾಕುವ ಮುಂಚೆ 1915ಕ್ಕೆ ಕರೆಮಾಡಿ ಸಹಾಯವಾಣಿಯಲ್ಲಿ ದಾಖಲಿಸಿದರೆ ಕೆಲವು ಕಂಪನಿಗಳು ಅಲ್ಲಿಯೇ ದಾರಿಗೆ ಬರುತ್ತವೆ.

ಮೂರನೆಯದು ಖಾಯಂ ಲೋಕ ಅದಾಲತ್. ಹೆಸರು ಒಂದೇ ಆದರೂ ಮಾಮೂಲಿ ಲೋಕ ಅದಾಲತ್ತಿಗೂ ಇದಕ್ಕೂ ಅಜಗಜಾಂತರ. ಸಾರಿಗೆ, ಅಂಚೆ, ದೂರವಾಣಿ, ವಿದ್ಯುತ್, ನೀರು, ನೈರ್ಮಲ್ಯ, ಆಸ್ಪತ್ರೆ, ವಿಮೆ, ಇಂಥ ಸಾರ್ವಜನಿಕ ಉಪಯುಕ್ತ ಸೇವೆಯ ತಕರಾರಿಗೆ ಮಾತ್ರ, 1 ಕೋಟಿವರೆಗೆ. ಕೋರ್ಟಿಗೆ ಹೋಗುವ ಮುಂಚೆಯೇ ಇಲ್ಲಿಗೆ ಬರಬೇಕು. ಒಮ್ಮೆ ಅರ್ಜಿ ಹಾಕಿದರೆ ಇಬ್ಬರೂ ಅದೇ ತಕರಾರಿಗೆ ಕೋರ್ಟಿಗೆ ಹೋಗುವಂತಿಲ್ಲ. ರಾಜಿ ಮುರಿದುಬಿದ್ದರೆ ಮಾಮೂಲಿ ಅದಾಲತ್ತಿನಂತೆ ಕೈಚೆಲ್ಲುವುದಿಲ್ಲ, ತಾನೇ ತೀರ್ಪು ಕೊಡುತ್ತದೆ. ಎದುರಿನವರು ಬರದಿದ್ದರೂ ಕೊಡಬಹುದು, ಆದರೆ ರಾಜಿಸೂತ್ರ ಮುಂದಿಡುವ ಹಂತ ಹಾರಿಸುವಂತಿಲ್ಲ. ಕೆನರಾ ಬ್ಯಾಂಕ್ ಪ್ರಕರಣವೊಂದರಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿದೆ. ತೀರ್ಪಿನ ಮೇಲೆ ಅಪೀಲಿಲ್ಲ.

ದಾಖಲೆ ಅಚ್ಚುಕಟ್ಟಾಗಿದ್ದು, ಕಂಪನಿಯ ನಿರಾಕರಣೆ ತಾಂತ್ರಿಕ ಕಾರಣದ್ದಾಗಿದ್ದರೆ ಲೋಕಪಾಲರೇ ಮೊದಲ ಆಯ್ಕೆ, ಸೋತರೂ ಇನ್ನೊಂದು ಬಾಗಿಲು ಉಳಿದಿರುತ್ತದೆ. ಚಿಕಿತ್ಸೆಯಲ್ಲಿ ಆಸ್ಪತ್ರೆಯದೂ ತಪ್ಪಿದೆ, ಮಾನಸಿಕ ಹಿಂಸೆಗೂ ಪರಿಹಾರ ಬೇಕು ಎಂದಾದರೆ ಗ್ರಾಹಕ ಆಯೋಗ. ವಿದ್ಯುತ್ ಬಿಲ್ಲು, ನೀರಿನ ಸಂಪರ್ಕದಂಥ ಬೇಗ ಮುಗಿಯಬೇಕಾದ ತಕರಾರಿಗೆ, ನಿಮ್ಮೂರಿನ ಹತ್ತಿರವೇ ಇದ್ದರೆ, ಖಾಯಂ ಲೋಕ ಅದಾಲತ್.

ಮನೆ ಬಾಡಿಗೆಯ ಅಡ್ವಾನ್ಸ್

ಬೆಂಗಳೂರಿನ ನಿತ್ಯದ ಗೋಳು ಇದು. ಮನೆ ಖಾಲಿ ಮಾಡಿಯಾಗಿದೆ, ಮಾಲೀಕರು ಅಡ್ವಾನ್ಸ್ ವಾಪಸ್ ಕೊಡುತ್ತಿಲ್ಲ. ಠಾಣೆಗೆ ಹೋದರೆ ‘ಸಿವಿಲ್ ಸ್ವರೂಪದ್ದು’ ಎಂದು ಹಿಂಬರಹ ಸಿಗುತ್ತದೆ, ಅದು ಸರಿಯೂ ಹೌದು. ಗ್ರಾಹಕ ಆಯೋಗ? ಮನೆ ಬಾಡಿಗೆಗೆ ಕೊಡುವುದು ಸಾಮಾನ್ಯವಾಗಿ ‘ಸೇವೆ’ ಎನಿಸಿಕೊಳ್ಳುವುದಿಲ್ಲ, ದೂರು ಹೊಸ್ತಿಲಲ್ಲೇ ಬೀಳುವ ಸಂಭವವೇ ಹೆಚ್ಚು. ಉಳಿಯುವುದು ಎರಡು.

ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಕೊಡಬಹುದು. ಅಲ್ಲಿಂದ ಮಾಲೀಕರಿಗೆ ನೋಟಿಸು ಹೋಗುತ್ತದೆ. ಕೋರ್ಟಿನ ಆವರಣದಿಂದ ಬಂದ ಲಕೋಟೆ ನೋಡಿ ಅರ್ಧದಷ್ಟಾದರೂ ಕೊಡಲು ಮುಂದಾಗುವವರಿದ್ದಾರೆ. ರಾಜಿಯಾದರೆ ಲೋಕ ಅದಾಲತ್ತಿನಲ್ಲಿ ಅವಾರ್ಡು ಮಾಡಿಸಿಕೊಳ್ಳಿ. ಬರದಿದ್ದರೆ? ಏನೂ ಆಗುವುದಿಲ್ಲ. ಕಡತ ಮುಚ್ಚುತ್ತದೆ, ಅಷ್ಟೇ. ಆಮೇಲೆ ಸಿವಿಲ್ ಕೋರ್ಟಿನಲ್ಲಿ ಹಣ ವಸೂಲಿ ದಾವೆ, ಮೂರು ವರ್ಷದೊಳಗೆ. ಬಾರದೇ ಹೋದ ಮಾಲೀಕರ ಮೇಲೆ ಇಲ್ಲಿ ಏಕಪಕ್ಷೀಯ ಡಿಕ್ರಿ ಆಗುತ್ತದೆ.

ಈ ಕೇಸುಗಳು ಸೋಲುವುದು ಕಾನೂನಿನಿಂದಲ್ಲ, ಕರಾರಿನಿಂದ. ಕರಾರಿನಲ್ಲಿ 50,000, ಕೈಗೆ ಕೊಟ್ಟದ್ದು 1 ಲಕ್ಷ ನಗದು. ಉಳಿದ ಐವತ್ತಕ್ಕೆ ಸಾಕ್ಷಿಯೇ ಇಲ್ಲ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು ಇದ್ದರೆ ಅದು ಹೋದಂತೆಯೇ. ಕೀಲಿ ಕೊಟ್ಟ ದಿನ ಖಾಲಿ ಕೋಣೆಗಳ ವಿಡಿಯೋ ಮಾಡಿ, ‘ಇವತ್ತು ಕೀಲಿ ಕೊಟ್ಟಿದ್ದೇನೆ, ಇಷ್ಟು ಅಡ್ವಾನ್ಸ್ ಬರಬೇಕು’ ಎಂದು ಮಾಲೀಕರಿಗೆ ವಾಟ್ಸಾಪ್ ಮಾಡಿಟ್ಟರೆ ಆ ಒಂದು ಮೆಸೇಜು ಮುಂದೆ ಬಹಳ ಕೆಲಸ ಮಾಡುತ್ತದೆ.

ಗಂಡನ ಮನೆಯ ಹಿಂಸೆ: ಠಾಣೆ, ಸಿಡಿಪಿಒ, ಕೌಟುಂಬಿಕ ನ್ಯಾಯಾಲಯ

ಇಲ್ಲಿ ಆಯ್ಕೆ ತಪ್ಪಿದರೆ ಆಗುವ ನಷ್ಟ ಹಣದ್ದಷ್ಟೇ ಅಲ್ಲ. ಠಾಣೆಯಲ್ಲಿ ದಾಖಲಾಗುವ ಕ್ರೌರ್ಯದ ಕೇಸು, ಹಳೆಯ 498ಎ, ಈಗಿನ ನ್ಯಾಯ ಸಂಹಿತೆಯ 85ನೇ ಕಲಂ, ತಪ್ಪಿತಸ್ಥನಿಗೆ ಶಿಕ್ಷೆ ಕೊಡಿಸಲು. ಅದರಿಂದ ತಿಂಗಳ ಖರ್ಚಿಗೆ ಹಣ ಬರುವುದಿಲ್ಲ, ಇರಲು ಮನೆಯೂ ಸಿಗುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ 112, ಅಥವಾ ಮಹಿಳಾ ಸಹಾಯವಾಣಿ 181. ಆ ರಾತ್ರಿಗೆ ತಂಗಲು ಜಿಲ್ಲೆಯ ಸಖಿ ಕೇಂದ್ರ.

ಮನೆ, ಖರ್ಚು, ರಕ್ಷಣೆ, ಮಕ್ಕಳು, ಈ ನಾಲ್ಕೂ ಒಂದೇ ಅರ್ಜಿಯಲ್ಲಿ ಬೇಕಾದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ಅವರು ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ವರದಿಗಾಗಿ ಕಾಯದೆ ಉಚಿತ ವಕೀಲರ ಮೂಲಕ ನೇರವಾಗಿ ಅರ್ಜಿ ಹಾಕಲೂಬಹುದು. ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೆ ಅಲ್ಲಿನ ಕೋರ್ಟೇ ಸಾಕು. ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು, ಅದಕ್ಕೆ ಪ್ರತ್ಯೇಕ ಅರ್ಜಿ ಇದೆಯೇ ಎಂದು ವಕೀಲರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಬಹಳ ಕಡತಗಳಲ್ಲಿ ಅದೇ ಇರುವುದಿಲ್ಲ. 60 ದಿನದಲ್ಲಿ ಮುಗಿಯಬೇಕಾದ ಕೇಸು ವರ್ಷ ಎಳೆದಾಗ ಕೈಗೆ ಏನೂ ಬಂದಿರುವುದಿಲ್ಲ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು.

ಬೇಕಾದದ್ದು ಜೀವನಾಂಶ ಮಾತ್ರ ಎಂದಾದರೆ ಕೌಟುಂಬಿಕ ನ್ಯಾಯಾಲಯದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಹಿಂದಿನ 125. ಗಂಡ ಕೊಡದಿದ್ದರೆ ಬಾಕಿಗೆ ವಾರಂಟು ಹೊರಡಿಸಬಹುದು, ಆದರೆ ಬಾಕಿಯಾದ ಒಂದು ವರ್ಷದೊಳಗೆ ಕೇಳಬೇಕು. ಇಬ್ಬರೂ ಆಸ್ತಿ ಮತ್ತು ಆದಾಯದ ಅಫಿಡವಿಟ್ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ನಿಗದಿ ಮಾಡಿದೆ. ಗಂಡನ ಸಂಬಳದ ಚೀಟಿ ಸಿಗದಿದ್ದರೂ ಅವನು ಕೆಲಸ ಮಾಡುವ ಕಂಪನಿಯ ಹೆಸರು, ಗಾಡಿ ನಂಬರು, ಜಮೀನಿನ ಸರ್ವೆ ನಂಬರು ಬರೆದಿಟ್ಟುಕೊಳ್ಳಿ. ಪಹಣಿಯನ್ನು ಯಾರು ಬೇಕಾದರೂ ಭೂಮಿ ತಂತ್ರಾಂಶದಲ್ಲಿ ನೋಡಬಹುದು.

ಮಕ್ಕಳು ನೋಡಿಕೊಳ್ಳದ ತಂದೆತಾಯಿ

ಇವರಿಗೆ ಕೋರ್ಟಿಗಿಂತ ಎಸಿ ಕಚೇರಿ ಹತ್ತಿರ. 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿ. ಜೀವನಾಂಶ ತಿಂಗಳಿಗೆ ಗರಿಷ್ಠ 10,000. ಮಕ್ಕಳಿಗೆ ನೋಟಿಸು ಮುಟ್ಟಿದ 90 ದಿನದೊಳಗೆ ಮುಗಿಯಬೇಕು. ಆದೇಶ ಹಿಡಿಸದಿದ್ದರೆ 60 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಇಲ್ಲಿ ಅರ್ಜಿಯನ್ನು ಚೆನ್ನಾಗಿ ಬರೆಯಿಸುವುದೇ ಮುಖ್ಯ. ಹಿರಿಯರ ಸಹಾಯವಾಣಿ 14567.

ದಾನಪತ್ರದ ವಿಷಯ ಮಾತ್ರ ಸೂಕ್ಷ್ಮ. ಮಗನ ಹೆಸರಿಗೆ ಮನೆ ಬರೆದುಕೊಟ್ಟು ಬೀದಿಗೆ ಬಿದ್ದವರು 23ನೇ ಕಲಮಿನಡಿ ಅದನ್ನು ರದ್ದು ಮಾಡಿಸಬಹುದು ಎಂಬುದು ನಿಜ. ಆದರೆ ‘ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಕೊಟ್ಟದ್ದು ಎಂದು ತೋರಿಸಬೇಕು. 2022ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. 2025ರಲ್ಲಿ ಅದೇ ಕೋರ್ಟು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದದ್ದು ನಿಜವೇ, ಆದರೂ ಷರತ್ತಿನ ಸುಳಿವೇ ಇಲ್ಲದ ಪತ್ರ ಹಿಡಿದು ಹೋದವರಿಗೆ ಎಸಿ ಕಚೇರಿಯಲ್ಲಿ ಕಷ್ಟವೇ. ಆಗ ಸಿವಿಲ್ ಕೋರ್ಟು. ಇನ್ನೂ ಬರೆದುಕೊಟ್ಟಿಲ್ಲದವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುನ್ನ ದಾನಪತ್ರದಲ್ಲಿ ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು ಎಂಬ ಎರಡು ಸಾಲು ಸೇರಿಸಿ. ಪತ್ರ ಬರಹಗಾರರು ‘ಅದೆಲ್ಲ ಯಾಕಜ್ಜಿ, ಮಗ ತಾನೆ?’ ಎಂದರೂ ಸೇರಿಸಿ.

ಸರ್ಕಾರಿ ಕಚೇರಿಯೇ ಎದುರಾಳಿಯಾದಾಗ

ಕೆಲಸ ಆಗಬೇಕಾದರೆ ಸಕಾಲ, ಯಾಕೆ ಆಗಿಲ್ಲ ಎಂದು ತಿಳಿಯಬೇಕಾದರೆ ಮಾಹಿತಿ ಹಕ್ಕು, ಲಂಚ ಕೇಳಿದರೆ ಲೋಕಾಯುಕ್ತ. ಸಕಾಲದಲ್ಲಿ ಅರ್ಜಿ ಕೊಟ್ಟಾಗ ಸಿಗುವ ಜಿಎಸ್‌ಸಿ ಸಂಖ್ಯೆಯೇ ಎಲ್ಲ. ಅದಿಲ್ಲದೆ ಮೇಲ್ಮನವಿ ಇಲ್ಲ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ಪರಿಹಾರ. ಮೊತ್ತ ಚಿಕ್ಕದು, ಆದರೆ ಅದು ಸಂಬಂಧಪಟ್ಟ ನೌಕರನಿಂದ ವಸೂಲಾಗುವುದರಿಂದ ಕೆಲಸ ಮಾಡುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಊರಿನ ರಸ್ತೆ, ಪಿಂಚಣಿ, ಚರಂಡಿ ಮೂರನ್ನೂ ಒಂದರಲ್ಲೇ ತುಂಬಿದರೆ ತಿರಸ್ಕರಿಸಲು ಅವರಿಗೆ ನೀವೇ ಕಾರಣ ಬರೆದುಕೊಟ್ಟಂತೆ. ‘ಯಾಕೆ ಕೊಟ್ಟಿಲ್ಲ’ ಎಂದು ಕೇಳಬೇಡಿ, ‘ನನ್ನ ಅರ್ಜಿಯ ಮೇಲೆ ಯಾವ ದಿನ ಯಾರು ಏನು ಷರಾ ಬರೆದಿದ್ದಾರೆ, ಅದರ ಪ್ರತಿ ಕೊಡಿ’ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ಗಡುವು

ಮನವಿ ಕೊಟ್ಟಿದ್ದೇನೆ, ನೋಟಿಸು ಹೋಗಿದೆ, ಸಂಧಾನ ನಡೆಯುತ್ತಿದೆ ಎಂದು ಸುಮ್ಮನೆ ಕೂತವರೇ ಹೆಚ್ಚು ಕಳೆದುಕೊಳ್ಳುವುದು. ಶಾಸಕರಿಗೆ ಕೊಟ್ಟ ಮನವಿಯಾಗಲಿ, ಜನಸ್ಪಂದನದಲ್ಲಿ ಕೊಟ್ಟ ಅರ್ಜಿಯಾಗಲಿ, ಕಂಪನಿಗೆ ಬರೆದ ಹತ್ತನೇ ಪತ್ರವಾಗಲಿ ಗ್ರಾಹಕ ಆಯೋಗದ ಎರಡು ವರ್ಷವನ್ನೂ ಹಣದ ದಾವೆಯ ಮೂರು ವರ್ಷವನ್ನೂ ನಿಲ್ಲಿಸುವುದಿಲ್ಲ. ಉಚಿತ ವಕೀಲರಿಗೆ ಹಾಕಿದ ಅರ್ಜಿಯೂ ನಿಲ್ಲಿಸುವುದಿಲ್ಲ. ಕೊನೆಯ ವಾರ ಅರ್ಜಿ ಕೊಟ್ಟು, ಏಳನೇ ದಿನ ವಕೀಲರ ನೇಮಕವಾಗಿ, ಅವರ ಕೈಗೆ ಕಾಗದ ಸೇರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಅರ್ಜಿಯ ಮೇಲ್ಭಾಗದಲ್ಲಿ, ಹೆಸರಿಗಿಂತ ಮೊದಲು, ಕೆಂಪು ಇಂಕಿನಲ್ಲಿ ‘ದಾವೆ ಹೂಡಲು ಕೊನೆಯ ದಿನ’ ಎಂದು ಬರೆದು ತಾರೀಖು ಹಾಕಿ. ಗುಮಾಸ್ತರ ಮೇಜಿನ ಮೇಲಿನ ರಾಶಿಯಲ್ಲಿ ಆ ಹಾಳೆ ಮೇಲಕ್ಕೆ ಬರುತ್ತದೆ.